ಮುಚ್ಚಳ ಕೂರದ ಡಬ್ಬಿ: ಜಾಲಾಕೃತಿ ಮಡಚುವಾಗ ಬರುವ ದೋಷಗಳು

ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ರಾಮಾನುಜನ್ ಹುಟ್ಟಿದ ದಿನ. ಅದಕ್ಕೆ ವಾರ ಇರುವಾಗಲೇ ನನ್ನ ಮೇಜಿನ ಮೇಲೆ ಬಾಯಿ ಬಿಟ್ಟ ಡಬ್ಬಿಗಳು ಸಾಲಾಗಿ ಬಂದು ಕೂರುತ್ತವೆ. ಮಕ್ಕಳು ಚಾರ್ಟ್ ಪೇಪರಿನಲ್ಲಿ ಜಾಲಾಕೃತಿ (ಮಡಚಿದರೆ ಡಬ್ಬಿಯಾಗುವ ಚಪ್ಪಟೆ ನಕ್ಷೆ) ಬರೆದು, ಕತ್ತರಿಸಿ, ಮಡಚಿ, ಅಂಟಿಸಿ ತಂದಿರುತ್ತಾರೆ. ಘನ, ಪಿರಮಿಡ್, ಶಂಕು, ಸಿಲಿಂಡರ್. ದೂರು ಮಾತ್ರ ಎಲ್ಲರದ್ದೂ ಒಂದೇ: "ಸಾರ್, ಎಲ್ಲಾ ಸರಿ ಇದೆ, ಮುಚ್ಚಳ ಒಂದು ಕೂರ್ತಿಲ್ಲ."

ನಿಜವಾಗಿ ಮುಚ್ಚಳದಲ್ಲಿ ತಪ್ಪು ಇರುವುದು ಅಪರೂಪ. ಎಲ್ಲೋ ಹಿಂದೆ ಆದ ತಪ್ಪು ಸುತ್ತಿ ಬಂದು ಕೊನೆಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಅಲ್ಲಿ ಸೆಲ್ಲೋ ಟೇಪ್ ಎಳೆದು ಮುಚ್ಚಿದರೆ ಡಬ್ಬಿ ನಿಲ್ಲಬಹುದು, ಆದರೆ ತಪ್ಪು ಎಲ್ಲಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಮುಂದಿನ ಡಬ್ಬಿಯೂ ಹಾಗೇ ಬಾಯಿ ಬಿಡುತ್ತದೆ.

ಅಂಟು ಪಕ್ಕಕ್ಕಿಡಿ, ಸಂದಿ ನೋಡಿ

ಫೆವಿಕಾಲ್ ಮುಚ್ಚಳ ತೆಗೆಯುವ ಮೊದಲು ಒಮ್ಮೆ ಒಣ ಮಡಿಕೆ ಮಾಡಿ. ಅಂದರೆ ಅಂಟಿಲ್ಲದೆ ಸುಮ್ನೆ ಮಡಚಿ, ಕೈಯಲ್ಲಿ ಹಿಡಿದು, ಬೇಕಿದ್ದರೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಈಗ ಸಂದಿ ಹೇಗಿದೆ ನೋಡಿ. ಸಂದಿಯ ಆಕಾರವೇ ತಪ್ಪಿನ ಜಾತಿ ಹೇಳುತ್ತದೆ.

ಒಂದು ಮುಖ ಪೂರ್ತಿ ಖಾಲಿ ಇದ್ದು, ಇನ್ನೊಂದು ಕಡೆ ಎರಡು ಮುಖ ಒಂದರ ಮೇಲೊಂದು ಕೂತಿದ್ದರೆ ಅದು ಜೋಡಣೆಯ ತಪ್ಪು. ನೀಟಾಗಿ ಕತ್ತರಿಸುವುದರಿಂದ ಸರಿಹೋಗದು. ಸಂದಿ ಕೆಲವೇ ಮಿಲಿಮೀಟರ್ ಇದ್ದು, ಅಂಚಿನುದ್ದಕ್ಕೂ ಒಂದೇ ಸಮ ಇದ್ದರೆ ಅಳತೆಯ ತಪ್ಪು. ಮೂಲೆ ಉಬ್ಬಿದ್ದು, ಕೈ ಬಿಟ್ಟ ಕೂಡಲೇ ಡಬ್ಬಿ ಬಿಚ್ಚಿಕೊಂಡರೆ ಮಡಿಕೆಯ ತಪ್ಪು. ಇದು ಗೊತ್ತಾಯಿತು ಅಂದರೆ ಅರ್ಧ ಕೆಲಸ ಮುಗಿದಂತೆ.

ಒಂದು ಕಡೆ ಖಾಲಿ, ಇನ್ನೊಂದು ಕಡೆ ಡಬಲ್

ಕಳೆದ ಸಲ ಒಬ್ಬಳು ಹುಡುಗಿ ತಂದಿದ್ದ ಘನ ನೋಡಿ. ಉದ್ದಕ್ಕೆ 4 ಚೌಕ. ಅದರ ಮೊದಲನೆಯ ಚೌಕದ ಮೇಲೊಂದು, ಮೂರನೆಯದರ ಮೇಲೊಂದು ಚೌಕ. ಒಟ್ಟು 6. ಅಳತೆ ಎಷ್ಟು ಚೆನ್ನಾಗಿತ್ತೆಂದರೆ ಸ್ಕೇಲ್ ಇಟ್ಟರೆ ಕೂದಲೆಳೆ ವ್ಯತ್ಯಾಸ ಇಲ್ಲ. ಮಡಚಿದರೆ ಮಾತ್ರ ತಳವೇ ಇಲ್ಲ.

"ಎಣಿಸಿ ಆರು ಹಾಕಿದ್ದೀನಿ ಸಾರ್."

"ಹಾಕಿದ್ದೀಯಮ್ಮ. ಆದ್ರೆ ನಿನ್ನ ಡಬ್ಬಿಗೆ ಮುಚ್ಚಳ ಎರಡು, ತಳ ಸೊನ್ನೆ."

6 ಚೌಕ ಇದ್ದರೆ ಸಾಲದು, ಅವು ಎಲ್ಲಿ ಅಂಟಿಕೊಂಡಿವೆ ಅನ್ನುವುದು ಮುಖ್ಯ. 6 ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಒಟ್ಟು 35 ಬಗೆಯ ಆಕಾರ ಮಾಡಬಹುದು (ತಿರುಗಿಸಿದರೆ, ಮಗುಚಿದರೆ ಒಂದೇ ಆಗುವುದನ್ನು ಒಂದೇ ಅಂತ ಎಣಿಸಿ). ಅದರಲ್ಲಿ ಘನ ಆಗುವುದು 11 ಮಾತ್ರ. ಉಳಿದ 24 ಏನು ಮಾಡಿದರೂ ಆಗುವುದಿಲ್ಲ. ಆ 11ರಲ್ಲಿ 6 ಆಕಾರಗಳಿಗೆ ನಡುವೆ 4 ಚೌಕದ ಪಟ್ಟಿ, ಅದರ ಆಚೆಗೊಂದು ಈಚೆಗೊಂದು ಚೌಕ. ಇವು ಮಕ್ಕಳಿಗೆ ಸಲೀಸು. 3 ಆಕಾರಗಳಲ್ಲಿ ಸಾಲುಗಳು 2, 3, 1 ಅಂತ ಇರುತ್ತವೆ. ಉಳಿದ ಎರಡು ಮೆಟ್ಟಿಲಿನ ಥರ: ಒಂದರಲ್ಲಿ 2, 2, 2. ಇನ್ನೊಂದರಲ್ಲಿ 3, 3. ಈ ಕೊನೆಯದನ್ನು ತೋರಿಸಿ "ಇದು ಘನ ಆಗುತ್ತಾ?" ಅಂತ ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ಕತ್ತರಿ ಹಾಕುವ ಮೊದಲೇ ಪರೀಕ್ಷೆ ಮಾಡಲು ನನಗೆ ಇಷ್ಟವಾದ ದಾರಿ ಲೂಡೋ ದಾಳ. ಜಾಲಾಕೃತಿಯ ಯಾವುದಾದರೂ ಒಂದು ಚೌಕದ ಮೇಲೆ ದಾಳ ಇಡಿ. ಅಡಿಯಲ್ಲಿ ಯಾವ ಸಂಖ್ಯೆ ಇದೆಯೋ ಅದನ್ನು ಆ ಚೌಕದಲ್ಲಿ ಬರೆಯಿರಿ. ಪಕ್ಕದ ಚೌಕಕ್ಕೆ ದಾಳವನ್ನು ಒಂದು ಸಲ ಉರುಳಿಸಿ, ಅಡಿಯ ಸಂಖ್ಯೆ ಬರೆಯಿರಿ. ದಾಳ ಚೌಕಕ್ಕಿಂತ ಚಿಕ್ಕದಾದರೂ ಪರವಾಗಿಲ್ಲ, ಒಂದು ಚೌಕಕ್ಕೆ ಒಂದು ಉರುಳು ಅಷ್ಟೆ. ಕವಲು ಬಂದರೆ ಬಂದ ದಾರಿಯಲ್ಲೇ ವಾಪಸ್ ಉರುಳಿಸಿ ಆ ಕಡೆ ಹೋಗಿ. 1ರಿಂದ 6ರವರೆಗೆ ಎಲ್ಲವೂ ಒಂದೊಂದು ಸಲ ಬಂದರೆ ಘನ ಆಗುತ್ತದೆ. ಯಾವುದಾದರೂ ಸಂಖ್ಯೆ ಎರಡು ಸಲ ಬಂದರೆ ಆ ಎರಡು ಚೌಕಗಳೇ ಒಂದರ ಮೇಲೊಂದು ಬೀಳುವವು. ಬಾರದೇ ಉಳಿದ ಸಂಖ್ಯೆಯೇ ಖಾಲಿ ಮುಖ.

ಆ ಹುಡುಗಿಯ ಹಾಳೆಯಲ್ಲಿ ದಾಳ ಉರುಳಿಸಿದೆವು. ಮೇಲಿನ ಎರಡೂ ಚೌಕದಲ್ಲಿ 5 ಬಂತು. 2 ಎಲ್ಲೂ ಇಲ್ಲ. ದಾಳದಲ್ಲಿ ಎದುರುಬದುರು ಮುಖ ಕೂಡಿದರೆ 7 ಅಲ್ವಾ, ಹಾಗಾಗಿ 2 ಇರಬೇಕಾದದ್ದು 5ರ ಎದುರು, ಅಂದರೆ ಪಟ್ಟಿಯ ಇನ್ನೊಂದು ಬದಿ. ಒಂದು ಚೌಕ ಕತ್ತರಿಸಿ ಕೆಳಬದಿಗೆ ಟೇಪ್ ಹಾಕಿದಳು. ನಾಲ್ಕರಲ್ಲಿ ಯಾವ ಚೌಕದ ಕೆಳಗೆ ಹಾಕಿದರೂ ನಡೆಯುತ್ತದೆ. ಇಡೀ ಹಾಳೆ ಹೊಸದಾಗಿ ಬರೆಯುವ ಕಷ್ಟ ತಪ್ಪಿತು.

ದಾಳ ಇಲ್ಲದಿದ್ದರೆ ಕಣ್ಣಲ್ಲೇ ಹಿಡಿಯಬಹುದಾದ ಗುರುತುಗಳೂ ಇವೆ. ಒಂದೇ ಸಾಲಿನಲ್ಲಿ 5 ಚೌಕ ಕಂಡರೆ ಬೇಡ, ಐದನೆಯದು ಮೊದಲನೆಯದರ ಮೇಲೆ ಬೀಳುತ್ತದೆ. ಇಕ್ಕಳದ ಹಾಗೆ ಎರಡು ಚೌಕ ಒಂದೇ ಕಡೆಗೆ ಬಾಯಿ ಮಾಡಿಕೊಂಡಿದ್ದು ನಡುವೆ ಒಂದು ಚೌಕದ ಜಾಗ ಖಾಲಿ ಇದ್ದರೆ ಅದೂ ಬೇಡ. ನಮ್ಮ ಹುಡುಗಿಯದು ಇದೇ. 4 ಚೌಕ ಸೇರಿ ಒಂದು ದೊಡ್ಡ ಚೌಕ ಆಗಿದ್ದರಂತೂ ಮುಂದೆ ನೋಡುವುದೇ ಬೇಡ.

ಈ ಕೊನೆಯದಕ್ಕೆ ಕಾರಣ ತಿಳಿದುಕೊಂಡರೆ ಬೇರೆ ಎಲ್ಲ ಆಕೃತಿಗಳಿಗೂ ಉಪಯೋಗ. ಘನದ ಒಂದು ಮೂಲೆಯಲ್ಲಿ ಸೇರುವುದು 3 ಚೌಕ, 270 ಡಿಗ್ರಿ. 4 ಚೌಕ ಒಂದು ಬಿಂದುವಿನ ಸುತ್ತ ಸೇರಿದರೆ 360 ಆಯಿತು, ಹಾಳೆ ಚಪ್ಪಟೆಯಾಗಿಯೇ ಇರುತ್ತದೆ. ಮೂಲೆ ಏಳಬೇಕಾದರೆ 360ಕ್ಕೆ ಸ್ವಲ್ಪ ಕೊರತೆ ಇರಲೇಬೇಕು. ಸಮಬಾಹು ತ್ರಿಕೋನಗಳಲ್ಲಿ ಒಂದು ಬಿಂದುವಿಗೆ 3, 4 ಅಥವಾ 5 ಸೇರಬಹುದು. ಕ್ರಮವಾಗಿ 4, 8, 20 ಮುಖದ ಆಕೃತಿ ಬರುತ್ತದೆ. 6 ಸೇರಿಸಿದರೆ ಜೇನುಗೂಡಿನ ಕಣ್ಣಿನಂಥ ಚಪ್ಪಟೆ ಷಟ್ಕೋನ. ಇನ್ನೊಂದು ಚಂದದ ಲೆಕ್ಕ: ಉಬ್ಬು ಆಕೃತಿ (ಎಲ್ಲೂ ಒಳಕ್ಕೆ ತಗ್ಗಿಲ್ಲದ್ದು) ಯಾವುದೇ ಇರಲಿ, ಎಲ್ಲ ಮೂಲೆಗಳ ಕೊರತೆ ಕೂಡಿದರೆ 720 ಡಿಗ್ರಿಯೇ ಬರಬೇಕು. ಘನಕ್ಕೆ 8 ಮೂಲೆ, ಒಂದೊಂದರಲ್ಲಿ 90 ಕೊರತೆ. ಕೂಡಿ ನೋಡಿ.

ಅಂಟುಪಟ್ಟಿ ಎರಡೂ ಕಡೆ ಇದೆ, ಅಥವಾ ಎರಡೂ ಕಡೆ ಇಲ್ಲ

ಅಂಟುಪಟ್ಟಿ ಅಂದರೆ ಅಂಟು ಹಚ್ಚಲು ಅಂಚಿನಾಚೆ ಬಿಡುವ ಸಣ್ಣ ಕಿವಿ. ಎಷ್ಟು ಪಟ್ಟಿ ಬೇಕು? ಆಕೃತಿಯ ಮೂಲೆಗಳನ್ನು ಎಣಿಸಿ ಒಂದು ಕಳೆಯಿರಿ. ಘನಕ್ಕೆ 8 ಮೂಲೆ, 7 ಪಟ್ಟಿ. ಚೌಕ ಪಾದದ ಪಿರಮಿಡ್ಡಿಗೆ 5 ಮೂಲೆ, 4 ಪಟ್ಟಿ. 12 ಪಂಚಭುಜ ಸೇರಿ ಆಗುವ ಆಕೃತಿಗೆ 20 ಮೂಲೆ, 19 ಪಟ್ಟಿ. ಘನದ ಲೆಕ್ಕ ಬಿಡಿಸಿ ನೋಡಿ: 12 ಅಂಚುಗಳಲ್ಲಿ 5 ಮಡಿಕೆಗಳು, ಉಳಿದ 7 ಅಂಚು ಕತ್ತರಿಸಿದ್ದು. ಕತ್ತರಿಸಿದ ಒಂದೊಂದು ಅಂಚೂ ಹಾಳೆಯಲ್ಲಿ ಎರಡು ಸಲ ಬರುತ್ತದೆ. ಹಾಗಾಗಿ ಆ 11ರಲ್ಲಿ ಯಾವುದನ್ನೇ ತೆಗೆದುಕೊಂಡರೂ ಸುತ್ತ 14 ಅಂಚು ಇರುತ್ತವೆ.

ಎಲ್ಲಿ ಹಾಕಬೇಕು? ಇದನ್ನು ನಾನು ಎಷ್ಟೋ ವರ್ಷ ಮನಸ್ಸಲ್ಲೇ ಮಡಚಿ ಮಡಚಿ ಹುಡುಕುತ್ತಿದ್ದೆ. ಬೇಕಿಲ್ಲ. ಸುತ್ತಲಿನ ಅಂಚುಗಳ ಮೇಲೆ ಬೆರಳಿಟ್ಟು ಒಂದು ಸುತ್ತು ಬನ್ನಿ. ಒಂದಕ್ಕೆ ಪಟ್ಟಿ, ಮುಂದಿನದಕ್ಕೆ ಇಲ್ಲ, ಅದರ ಮುಂದಿನದಕ್ಕೆ ಪಟ್ಟಿ. ಒಂದು ಬಿಟ್ಟು ಒಂದು. ಮುಗಿಯಿತು. ಜೊತೆಯಾಗುವ ಯಾವ ಎರಡು ಅಂಚುಗಳ ನಡುವೆಯೂ ಉಳಿದ ಅಂಚುಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ, ಹಾಗಾಗಿ ನಡುವಿನ ಲೆಕ್ಕ ಯಾವಾಗಲೂ ಸಮ ಸಂಖ್ಯೆ. ಒಂದಕ್ಕೆ ಪಟ್ಟಿ ಬಂದರೆ ಅದರ ಜೊತೆಗಾರನಿಗೆ ಬರುವುದೇ ಇಲ್ಲ. ಒಂದೇ ಎಚ್ಚರಿಕೆ: ಎರಡು ಚೌಕಗಳ ಅಂಚು ನೇರವಾಗಿ ಒಂದೇ ಗೆರೆಯಲ್ಲಿ ಬಂದರೂ ಅವು ಎರಡು ಅಂಚು. ಮಕ್ಕಳು ಒಂದು ಅಂತ ಎಣಿಸಿ ಲೆಕ್ಕ ತಪ್ಪಿಸುವುದು ಇಲ್ಲೇ.

ಯಾವ ಅಂಚು ಯಾವುದಕ್ಕೆ ಸೇರುತ್ತದೆ ಅನ್ನುವುದನ್ನೂ ಹೊಲಿಗೆಯ ಹಾಗೆ ಹಿಡಿಯಬಹುದು. 3 ಚೌಕ ಸೇರಿ ಒಳಮೂಲೆ ಆಗಿರುವ ಜಾಗದಿಂದ ಶುರು ಮಾಡಿ. ಅಲ್ಲಿನ ಎರಡು ಅಂಚು ಜೊತೆ. ಅವು ಮುಗಿಯುವ ತುದಿಯಲ್ಲಿ ಆಗಲೇ 3 ಚೌಕ ಸೇರಿದ್ದರೆ ಮುಂದಿನ ಎರಡು ಅಂಚೂ ಜೊತೆ, ಹೊಲಿಯುತ್ತಾ ಹೋಗಿ. ಸೇರಿಲ್ಲದಿದ್ದರೆ ಅಲ್ಲಿ ನಿಲ್ಲಿಸಿ ಇನ್ನೊಂದು ಒಳಮೂಲೆಗೆ ಹೋಗಿ.

ಅಂಚಿನುದ್ದಕ್ಕೂ ಒಂದೇ ಸಮ ಸಂದಿ

ಮೊದಲು ಕೇಳಬೇಕಾದ ಪ್ರಶ್ನೆ: ಬರೆದದ್ದಾ, ಪ್ರಿಂಟ್ ತೆಗೆಸಿದ್ದಾ? ಪ್ರಿಂಟ್ ಆದರೆ ಅಡ್ಡ, ಉದ್ದ ಎರಡೂ ಅಳೆಯಿರಿ. ಹಾಳೆಗೆ ತುಂಬಿಸಲು ಯಾರೋ ಚಿತ್ರವನ್ನು ಒಂದು ಕಡೆಗೆ ಎಳೆದಿರುತ್ತಾರೆ. 5 ಸೆಂ.ಮೀ. ಚೌಕ ಅಡ್ಡಕ್ಕೆ 5.25 ಆಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅಡ್ಡಪಟ್ಟಿ ಸುತ್ತಿದಾಗ ಬಾಯಿ 5.25ಕ್ಕೆ 5.25 ಆಗುತ್ತದೆ, ಮುಚ್ಚಳ 5.25ಕ್ಕೆ 5. ಸರಿಯಾಗಿ ಎರಡೂವರೆ ಮಿಲಿಮೀಟರ್ ಕಡಿಮೆ.

ಕೈಯಲ್ಲಿ ಬರೆದದ್ದಾದರೆ, ಒಂದೊಂದು ಚೌಕಕ್ಕೂ ಸ್ಕೇಲ್ ಎತ್ತಿ ಇಟ್ಟಿರುತ್ತಾರೆ. ಸಲಕ್ಕೆ ಅರ್ಧ ಮಿಲಿಮೀಟರ್ ತಪ್ಪಿದರೂ ನಾಲ್ಕನೆಯ ಚೌಕಕ್ಕೆ 2 ಮಿ.ಮೀ. ಆಯಿತು. ಸ್ಕೇಲ್ ಒಂದೇ ಸಲ ಇಟ್ಟು 0, 5, 10, 15, 20 ಎಂದು ಚುಕ್ಕಿ ಹಾಕಿ. ಪಟ್ಟಿ ಸುತ್ತಿದಾಗ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಮೆಟ್ಟಿಲಿನಂತೆ ಕಂಡರೆ ಉದ್ದದ ತಪ್ಪಲ್ಲ, ಲಂಬಕೋನ ತಪ್ಪಿದೆ. ಚೌಕದ ಎರಡೂ ಕರ್ಣ ಅಳೆದು ನೋಡಿ. ಎರಡೂ ಒಂದೇ ಇರಬೇಕು, 5 ಸೆಂ.ಮೀ. ಚೌಕಕ್ಕೆ 7ಕ್ಕಿಂತ ಒಂದು ಕೂದಲೆಳೆ ಜಾಸ್ತಿ.

ಪಿರಮಿಡ್ಡಿನದು ಬೇರೆ ಕಥೆ. ಅದು ಮುಚ್ಚಿಕೊಳ್ಳುತ್ತದೆ, ಆದರೆ ಕುಳ್ಳಾಗುತ್ತದೆ. "ಪಾದ 6 ಸೆಂ.ಮೀ., ಎತ್ತರ 4 ಸೆಂ.ಮೀ." ಅಂತ ಕೊಟ್ಟರೆ ಮಕ್ಕಳು ತ್ರಿಕೋನದ ಎತ್ತರವನ್ನೇ 4 ಇಡುತ್ತಾರೆ. ಮಡಚಿದ ಮೇಲೆ ಅಳೆದರೆ ಪಿರಮಿಡ್ಡಿನ ಎತ್ತರ ಸುಮಾರು 2.65. ತ್ರಿಕೋನ ಓರೆಯಾಗಿ ವಾಲುತ್ತದೆ, ಹಾಗಾಗಿ ಅದಕ್ಕೆ ಓರೆ ಎತ್ತರ ಬೇಕು. ಪಾದದ ಅರ್ಧ 3, ಎತ್ತರ 4, ಓರೆ 5. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಇದ್ದವರೂ ಇಲ್ಲಿ ಅದನ್ನು ನೆನೆಯುವುದಿಲ್ಲ. ತ್ರಿಕೋನದ ಎತ್ತರ 3 ಇಟ್ಟವನ ಪಿರಮಿಡ್ ಇನ್ನೂ ಮಜಾ: ನಾಲ್ಕೂ ತುದಿ ನಡುವೆ ಸೇರಿ ಲಕೋಟೆಯ ಹಿಂಬದಿಯಂತೆ ಚಪ್ಪಟೆ ಮಲಗಿಬಿಡುತ್ತದೆ.

ಶಂಕುವಿನಲ್ಲಿ ಇದೇ ತಪ್ಪು ವೇಷ ಬದಲಿಸಿ ಬರುತ್ತದೆ. ತ್ರಿಜ್ಯ 3, ಎತ್ತರ 4 ಬೇಕಿದ್ದರೆ ಕೈವಾರವನ್ನು 5ಕ್ಕೆ ತೆರೆಯಬೇಕು. ಕತ್ತರಿಸುವ ತುಂಡಿನ ಕೋನ 360ರ ಐದನೇ ಮೂರು ಭಾಗ, ಅಂದರೆ 216 ಡಿಗ್ರಿ. ಕೈವಾರ 4ಕ್ಕೆ ತೆರೆದು, ಪಾದಕ್ಕೆ ಹೊಂದಲಿ ಅಂತ 270 ಡಿಗ್ರಿ ಕತ್ತರಿಸಿದರೆ ಶಂಕು ಪಾದಕ್ಕೆ ಸರಿಯಾಗಿ ಕೂರುತ್ತದೆ, ಎತ್ತರ ಮತ್ತೆ ಅದೇ 2.65. ಕೂತಿತಲ್ಲ ಅಂತ ಯಾರೂ ಅಳೆಯುವುದಿಲ್ಲ. ಹಾಗಾಗಿ ಪಿರಮಿಡ್, ಶಂಕು ಎರಡರಲ್ಲೂ ಮುಚ್ಚಿದ ಮೇಲೆ ಎತ್ತರ ಅಳೆಯುವುದು ಕಡ್ಡಾಯ ಮಾಡಿದ್ದೇನೆ.

ಸಿಲಿಂಡರಿನಲ್ಲಿ ಮುಚ್ಚಳ 3 ಮಿಲಿಮೀಟರ್ ದೊಡ್ಡದಾಗುವುದು ಮಾಮೂಲು. ತ್ರಿಜ್ಯ 3.5 ಇದ್ದರೆ ಪರಿಧಿ 22. ಮಕ್ಕಳು 22 ಸರಿಯಾಗಿಯೇ ಕತ್ತರಿಸುತ್ತಾರೆ, ಆಮೇಲೆ ಅದರಲ್ಲೇ 1 ಸೆಂ.ಮೀ. ಮೇಲೆ ಮೇಲೆ ಅಂಟಿಸುತ್ತಾರೆ. ಕೊಳವೆಯ ಸುತ್ತಳತೆ 21 ಆಯಿತು, ಅಡ್ಡಳತೆ 7 ಹೋಗಿ 6.7ರ ಹತ್ತಿರ ಬಂತು. ಅಂಟಿಸಲು ಬೇಕಾದ 1 ಸೆಂ.ಮೀ. ಬೇರೆ ಸೇರಿಸಿ 23 ಕತ್ತರಿಸಿ.

ದಪ್ಪ ರಟ್ಟಿನಲ್ಲಿ ಮಾಡಿದ್ದರೆ ರಟ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 3 ಮಿ.ಮೀ. ರಟ್ಟಿನ ಡಬ್ಬಿ ಹೊರಗೆ 10 ಸೆಂ.ಮೀ. ಇದ್ದರೆ ಒಳಗೆ 9.4. ಒಳಗೆ ಕೂರಬೇಕಾದ ತುಂಡನ್ನು 10ಕ್ಕೆ ಕತ್ತರಿಸಿ ಗುದ್ದಿ ಕೂರಿಸಬೇಡಿ.

ಮೂಲೆ ಉಬ್ಬಿದೆ, ಕೈ ಬಿಟ್ಟರೆ ಬಿಚ್ಚುತ್ತದೆ

ಗೀರು ಹಾಕದೆ ಮಡಚಿದ್ದಾರೆ. ಶಾಯಿ ಮುಗಿದ ರೀಫಿಲ್, ಒಂದು ಸ್ಕೇಲ್. ಮಡಿಕೆಯ ಗೆರೆಗಳ ಮೇಲೆಲ್ಲ ಒತ್ತಿ ಎಳೆಯಿರಿ. ಕತ್ತರಿಸುವ ಮೊದಲೇ ಎಳೆದರೆ ಒಳ್ಳೆಯದು, ಹಾಳೆ ಅಲುಗಾಡುವುದಿಲ್ಲ. ಆಮೇಲೆ ಒಂದೊಂದು ಮಡಿಕೆಯನ್ನೂ ಪೂರ್ತಿ ಮಡಚಿ ಉಗುರಿನಿಂದ ಉಜ್ಜಿ, ಮತ್ತೆ ಬಿಡಿ. ದಪ್ಪ ರಟ್ಟಾದರೆ ದೊಡ್ಡವರು ಬ್ಲೇಡಿನಿಂದ ಅರ್ಧ ದಪ್ಪಕ್ಕೆ ಕೊಯ್ದು ಕೊಡಬೇಕು. ಕೊಯ್ದ ಗೆರೆ ಹೊರಮೈಗೆ ಬರಲಿ.

ಮಡಿಕೆಯ ಮೇಲೆ ಹಾಳೆ ಒಡೆದು ಬಿಳಿ ನಾರು ಕಂಡರೆ ಎಳೆಯ ದಿಕ್ಕು ಅಡ್ಡ ಬಂದಿದೆ. ಮರದ ಹಲಗೆಯಂತೆ ಹಾಳೆಗೂ ಎಳೆ ಇದೆ. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ. ಜಾಸ್ತಿ ಮಡಿಕೆಗಳು ಆ ದಿಕ್ಕಿಗೆ ಬರುವಂತೆ ಜಾಲಾಕೃತಿ ಬರೆಯಿರಿ.

ಇನ್ನೊಂದು ಮಾತು. ಎಲ್ಲ ಆಕೃತಿಯ ಮಡಿಕೆಯೂ 90 ಡಿಗ್ರಿ ಅಲ್ಲ. 4 ತ್ರಿಕೋನದ ಆಕೃತಿಯಲ್ಲಿ ಎರಡು ಮುಖಗಳ ನಡುವೆ ಸುಮಾರು 70.5 ಡಿಗ್ರಿ, 20 ತ್ರಿಕೋನದ್ದರಲ್ಲಿ ಸುಮಾರು 138. ಅಂಟುಪಟ್ಟಿಗಳನ್ನೆಲ್ಲ ಸ್ಕೇಲ್ ಇಟ್ಟು 90ಕ್ಕೆ ನಿಲ್ಲಿಸಿದರೆ ಅವು ಮುಖವನ್ನು ಹೊರಗೆ ತಳ್ಳುತ್ತವೆ. ಸಡಿಲ ಬಿಡಿ.

ಬರೆದದ್ದು ಒಳಗೆ ಹೋಯಿತು

ಮಡಚುವ ದಿಕ್ಕು ತಲೆಕೆಳಗು. ಖಾಲಿ ಘನಕ್ಕೆ ಏನೂ ವ್ಯತ್ಯಾಸ ಇಲ್ಲ. ದಾಳ ಮಾಡುತ್ತಿದ್ದರೆ ಮಾತ್ರ, ಚುಕ್ಕಿಗಳನ್ನು ಹಾಳೆಯ ಹಿಂಬದಿಗೆ ಬೆಳಕಿಗೆ ಹಿಡಿದು ಇಳಿಸಿದರೆ ಕನ್ನಡಿಯ ದಾಳ ಸಿಗುತ್ತದೆ: ಎದುರುಬದುರು ಕೂಡಿದರೆ 7 ಸರಿ, ಆದರೆ 1, 2, 3 ಸುತ್ತುವ ದಿಕ್ಕು ಉಲ್ಟಾ.

ಡಬ್ಬಿ ಬಿಚ್ಚಿದಾಗ ಮುಖಗಳು ಒಂದರ ಮೇಲೊಂದು

ಇದು ಉಲ್ಟಾ ದೋಷ. ಇರುವ ಆಕೃತಿಯನ್ನು ಅಂಚಿನ ಮೇಲೆ ಕತ್ತರಿಸಿ ಹಾಳೆಯ ಮೇಲೆ ಹರಡಿದರೆ ಎರಡು ಮುಖ ಒಂದೇ ಜಾಗ ಕೇಳುತ್ತವೆ. ಕತ್ತರಿಸುವ ದಾರಿ ಬದಲಿಸಿ ನೋಡಿ, ಸಾಮಾನ್ಯವಾಗಿ ಸರಿಹೋಗುತ್ತದೆ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲೇ ಘನಾಕೃತಿಗಳನ್ನು ಹೀಗೆ ಬಿಚ್ಚಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಉಬ್ಬು ಆಕೃತಿ ಯಾವುದೇ ಇರಲಿ, ಮುಖಗಳು ಮೇಲೆ ಬೀಳದಂತೆ ಬಿಚ್ಚುವ ದಾರಿ ಒಂದಾದರೂ ಇದ್ದೇ ಇರುತ್ತದಾ ಅಂತ ಗಣಿತಜ್ಞ ಶೆಫರ್ಡ್ 1975ರಲ್ಲಿ ಕೇಳಿದ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಒಂಬತ್ತನೇ ತರಗತಿಯ ಒಬ್ಬನಿಗೆ ಇದನ್ನು ಹೇಳಿದ್ದಕ್ಕೆ, "ಹಾಗಾದ್ರೆ ನನ್ನ ತಪ್ಪಲ್ಲ ಬಿಡಿ ಸಾರ್" ಅಂದ. ಅವನು ಬಿಚ್ಚುತ್ತಿದ್ದದ್ದು ಬೆಂಕಿಪೊಟ್ಟಣ.

ಗೂಡುದೀಪದ ಪ್ರಕರಣ

ದೀಪಾವಳಿಗೆ ಕರಾವಳಿಯಲ್ಲಿ ಗೂಡುದೀಪ, ಉತ್ತರ ಕರ್ನಾಟಕದಲ್ಲಿ ಆಕಾಶಬುಟ್ಟಿ. ಅದರಲ್ಲಿ ಚೌಕ, ತ್ರಿಕೋನ ಸೇರಿಸಿ ಮಾಡುವ ಒಂದು ಬಗೆಯನ್ನು ಹತ್ತನೇ ತರಗತಿಯ ಹುಡುಗಿಯೊಬ್ಬಳು ಡ್ರಾಯಿಂಗ್ ಶೀಟಿನಲ್ಲಿ ಮಾಡಿದ್ದಳು. 6 ಚೌಕ, 8 ತ್ರಿಕೋನ, ಅಂಚು 8 ಸೆಂ.ಮೀ. ಒಂದು ಮೂಲೆಯೂ ಸೇರುತ್ತಿಲ್ಲ.

ಜೋಡಣೆ ನೋಡಿದೆ. ಒಂದು ಮೂಲೆಗೆ 2 ಚೌಕ, 2 ತ್ರಿಕೋನ: 300 ಡಿಗ್ರಿ, 60 ಕೊರತೆ. ಮೂಲೆಗಳು 12. ಗುಣಿಸಿದರೆ 720. ಜೋಡಣೆ ಸರಿ. ಹಾಗಾದರೆ ಅಳತೆ. ತ್ರಿಕೋನಕ್ಕೆ ಸ್ಕೇಲ್ ಇಟ್ಟೆ: ಪಾದ 8, ಎತ್ತರವೂ 8. ಓರೆ ಅಂಚು ಸುಮಾರು 8.9. ಅದು 8 ಸೆಂ.ಮೀ. ಚೌಕದ ಜೊತೆ ಹೇಗೆ ಸೇರೀತು? ಸಮಬಾಹು ತ್ರಿಕೋನದ ಎತ್ತರ 6.93 ಬರಬೇಕು. "ಎತ್ತರ ಅಳೀಬೇಡ, ಕೈವಾರ 8ಕ್ಕೆ ತೆಗೆದು ಎರಡೂ ತುದಿಯಿಂದ ಕಂಸ ಹಾಕು" ಅಂದೆ. ಎಂಟೂ ತ್ರಿಕೋನ ಹೊಸದಾಗಿ ಕತ್ತರಿಸಿದಳು.

ಎರಡನೇ ಸಲ ಒಣ ಮಡಿಕೆಯಲ್ಲೇ ಎಲ್ಲ ಕೂತಿತು. ಆಮೇಲೆ ಬಲ್ಬ್ ಇಳಿಸಲು ತುದಿಯ ಒಂದು ಚೌಕ ಕತ್ತರಿಸಿ ತೆಗೆದಳು. 11 ಪಟ್ಟಿಗಳಲ್ಲಿ 8 ಅಂಟಿಸಿದ ಮೇಲೆ 3 ಕೆಲಸವಿಲ್ಲದೆ ಉಳಿದವು, ಮೂರೂ ಆ ಬಾಯಿಯ ಸುತ್ತ. ಕತ್ತರಿ ಎತ್ತಿದವಳು ಕೆಳಗಿಟ್ಟು, ಅವನ್ನು ಒಳಕ್ಕೆ ಮಡಚಿ ಅಂಟಿಸಿದಳು. ಬಾಯಿ ಗಟ್ಟಿಯಾಯಿತು. ದಾರಕ್ಕೆ ತೂತು ಹಾಕಿದ್ದೂ ಅಲ್ಲೇ.